ದಾರಿ ಬರೆಸದ ಕ್ರಯಪತ್ರ

ನನ್ನ ಅಕ್ಕ ಅನೆಜೊಗೆ ಈಗ ಅರವತ್ತೆಂಟು. ತನ್ನ ಬಗ್ಗೆ ಬರೆಯುವ ಯೋಗ್ಯತೆ ನನಗಿಲ್ಲ ಎಂದು ಅವಳೇ ಹೇಳುತ್ತಾಳೆ. ಹೇಳಲಿ.

ಮೂವತ್ತು ಬೇಸಿಗೆ ಅವಳು ಮಿಕೊನೊಸ್ ಪೇಟೆಯ ತನ್ನ ಮನೆಯ ಮೂರು ಕೋಣೆಗಳನ್ನು ರಜೆಗೆ ಬಂದವರಿಗೆ ಬಾಡಿಗೆಗೆ ಕೊಟ್ಟಳು. ನಮ್ಮ ದ್ವೀಪಕ್ಕೆ ಜನ ಬರುವುದೇ ಕುಡಿದು ಕುಣಿಯಲು. ಅದಕ್ಕೆ ಅಕ್ಕನ ತಕರಾರೇನೂ ಇರಲಿಲ್ಲ. ಮಧ್ಯಾಹ್ನ ತಲೆ ಹಿಡಿದುಕೊಂಡು ಎದ್ದವರಿಗೆ ನಿಂಬೆ ಹಿಂಡಿದ ಕೋಳಿಸಾರು ಕುಡಿಸಿ, "ನಿಮ್ಮಮ್ಮಂಗೆ ಫೋನ್ ಮಾಡಿ ಎಷ್ಟು ದಿನ ಆಯ್ತು?" ಎಂದು ಗದರುತ್ತಿದ್ದಳು. ಯಾವ ದೇಶದವರಾದರೂ ಸರಿ, ಗದರಿಕೆ ಗ್ರೀಕಿನಲ್ಲೇ. ಅವಳ ಗಂಡ, ನಮ್ಮ ಲಿನಾರ್ದೊ ಭಾವ, ತೀರಿಕೊಂಡಾಗ ಸ್ವೀಡನ್ನಿನಿಂದ ಇಬ್ಬರು ವಿಮಾನ ಹತ್ತಿ ಬಂದು ಅತ್ತರು.

ಅವಳ ಸಿಟ್ಟೆಲ್ಲ ನನ್ನ ಮೇಲೆ. ದಕ್ಷಿಣದ ಕಡಲ ದಂಡೆಯಲ್ಲಿ ಅಪ್ಪ ನನ್ನ ಪಾಲಿಗೆ ಬಿಟ್ಟ ನೆಲವಿತ್ತು. ಬರೀ ಕಲ್ಲು, ಮೇಕೆಯೂ ಮೂಸದ ಜಾಗ. ಅದರ ತುದಿಯಲ್ಲಿ, ಕಡಲಂಚಿನ ಮರಳಿಗೆ ತಾಗಿಕೊಂಡೇ, ಸಂತ ಮರೀನಾಳ ಹೆಸರಿನ ನಮ್ಮ ಮನೆತನದ ಪುಟ್ಟ ಚರ್ಚು. ಸತ್ತವರನ್ನು ಕೆಲವು ವರ್ಷ ಮಣ್ಣಿನಲ್ಲಿಟ್ಟು, ಆಮೇಲೆ ಮೂಳೆ ಎತ್ತಿ, ವೈನಿನಲ್ಲಿ ತೊಳೆದು ಮನೆತನದ ಚರ್ಚಿನಲ್ಲಿ ಇಡುವುದು ನಮ್ಮ ಪದ್ಧತಿ.

ಆರು ವರ್ಷದ ಹಿಂದೆ ಆ ನೆಲವನ್ನು ಒಂದು ಬೀಚ್ ಕ್ಲಬ್ಬಿನವರಿಗೆ ಮಾರಿದೆ. ಚರ್ಚು ನಮ್ಮದೇ ಎಂದು ಕ್ರಯಪತ್ರದಲ್ಲಿ ಬರೆಸಿದೆ. ಅದಕ್ಕೆ ಹೋಗುವ ದಾರಿಯನ್ನು ಬರೆಸಲಿಲ್ಲ. ಚರ್ಚಿನ ದಾರಿಯನ್ನು ನಮ್ಮಲ್ಲಿ ಯಾರಾದರೂ ಬರೆಸುತ್ತಾರೆಯೇ? ಯಾರ ಹೊಲ ಹಾದು ಹೋದರೂ "ಚರ್ಚಿಗೆ" ಎಂದರೆ ಸಾಕಿತ್ತು, ನಾಯಿಯನ್ನು ಹಿಡಿದುಕೊಳ್ಳುತ್ತಿದ್ದರು. ಕೊಂಡವರು ಅಥೆನ್ಸಿನವರು. ಕಾಗದ ಓದಿದರು, ಗೋಡೆ ಎತ್ತಿದರು, ಗೇಟು ಹಾಕಿದರು. "ಕೇಸ್ ಹಾಕಿದ್ರೆ ಗೆಲ್ತೀರಿ. ಎಂಟು ವರ್ಷ ಹಿಡಿಯುತ್ತೆ ಅಷ್ಟೆ" ಎಂದು ನಕ್ಕ ವಕೀಲ. ಅವನ ನಗುವಿಗೆ ಬೆಂಕಿ ಹಾಕ. ನನ್ನ ಬುದ್ಧಿಗೂ.

ಈ ಜುಲೈಯಲ್ಲಿ ಭಾವನ ಮೂಳೆ ಎತ್ತಿದೆವು. ಸಂತ ಮರೀನಾಳ ಹಬ್ಬದ ದಿನವೇ ಅವನನ್ನು ಚರ್ಚಿಗೆ ಸೇರಿಸಬೇಕೆಂದು ಅಕ್ಕ ಹಟ ಹಿಡಿದಳು. ಆ ಬೆಳಿಗ್ಗೆ ಕ್ಲಬ್ಬಿನ ಗೇಟಿನಲ್ಲಿ ಕಾವಲುಗಾರ ಪಟ್ಟಿ ಹಿಡಿದು ನಮ್ಮ ಕಾರಿನೊಳಗೆ ಬಗ್ಗಿದ.

"ಬುಕಿಂಗ್ ಇದೆಯಾ?"

ಅಕ್ಕನ ತೊಡೆಯ ಮೇಲೆ ಮೂಳೆಯ ಪೆಟ್ಟಿಗೆ. "ನಮ್ಮಪ್ಪ, ನಮ್ಮಜ್ಜ ಎಲ್ಲಾ ಒಳಗೇ ಇದ್ದಾರೆ. ಹೋಗಿ ಅವರನ್ನ ಕೇಳು" ಎಂದಳು.

ಗೇಟು ತೆರೆಯಲಿಲ್ಲ. ಕಾರು ತಿರುಗಿಸುವಾಗ ಅವಳು ನನಗೆ ಹೇಳಿದ್ದು ಎರಡೇ ಪದ: "ದೋಣಿ ತೆಗಿ."

ಕಡಲಂಚಿನ ಮರಳು ಯಾರಪ್ಪನ ಸ್ವತ್ತೂ ಅಲ್ಲ, ಕಾನೂನೇ ಹಾಗಿದೆ. ಪಾದ್ರಿ ಲೂಕಾಸ್, ಅಕ್ಕ, ಪೆಟ್ಟಿಗೆ, ಸುಣ್ಣದ ಗಾರೆಯ ಡಬ್ಬಿ, ಹಬ್ಬಕ್ಕೆ ಬೇಯಿಸಿದ ಒಂದು ಹಂಡೆ ಹಂದಿಮಾಂಸ, ಇಷ್ಟನ್ನೂ ಹೇರಿಕೊಂಡು ನಾಲ್ಕು ಗಂಟೆಗೆ ಕ್ಲಬ್ಬಿನ ದಂಡೆ ಮುಟ್ಟಿದೆ. ಸಂಗೀತಕ್ಕೆ ದೋಣಿಯ ಹಲಗೆ ನಡುಗುತ್ತಿತ್ತು. ಪಾದ್ರಿ ನಿಲುವಂಗಿ ಎತ್ತಿಕೊಂಡು ಮೊಣಕಾಲುದ್ದ ನೀರಿಗೆ ಇಳಿದರು. ಎಣ್ಣೆ ಬಳಿದುಕೊಂಡು ಮಲಗಿದ್ದವರು ಫೋಟೋ ತೆಗೆಯಲು ಫೋನು ಎತ್ತಿದರು. ಒಬ್ಬ ದಪ್ಪ ಮನುಷ್ಯ ಮಾತ್ರ ಎದ್ದು ಟೋಪಿ ತೆಗೆದ.

ಮ್ಯಾನೇಜರ್ ಓಡಿ ಬಂದ. "ಅಮ್ಮಾ, ಗೆಸ್ಟ್‌ಗಳ ಮೂಡ್ ಹಾಳಾಗುತ್ತೆ. ಹೆಣದ ಪೆಟ್ಟಿಗೆ ತಂದ್ರೆ ಹೇಗೆ?"

"ಹೆಣ ಅಲ್ಲ, ನನ್ನ ಗಂಡ. ದಾರಿ ಬಿಡು. ಇಲ್ಲಾಂದ್ರೆ ಈ ಕಡೆ ನೀನು ಹಿಡ್ಕೊ."

ಅವನು ದಾರಿ ಬಿಟ್ಟ.

ಚರ್ಚಿಗೆ ಬೀಗ ಹಾಕುವ ರೂಢಿ ನಮ್ಮಲ್ಲಿಲ್ಲ. ಒಳಗೆ ಆಳೆತ್ತರ ಕ್ಲಬ್ಬಿನ ಟವೆಲ್ಲುಗಳು, ಖಾಲಿ ಬಾಟಲಿ, ಹರಿದ ಹಾಸಿಗೆ. ಸಂತಳ ಪಟವನ್ನು ಗೋಡೆಗೆ ಮುಖಮಾಡಿ ಇಟ್ಟಿದ್ದರು. ನಾನು ಟವೆಲ್ಲುಗಳನ್ನು ಬಾಚಿ ಮರಳಿಗೆ ಎಸೆಯತೊಡಗಿದೆ.

"ಎಸೀಬೇಡ" ಎಂದಳು ಅಕ್ಕ. "ಯಾರೋ ಒಗೆದು ಮಡಚಿರೋ ಬಟ್ಟೆ ಅದು. ಹೊರಗೆ ಜೋಡ್ಸಿಡು."

ಜೋಡಿಸಿಟ್ಟೆ. ಪಾದ್ರಿಯ ತುಟಿ ಅಲುಗಿತು. ಆ ಗದ್ದಲದಲ್ಲಿ ಪ್ರಾರ್ಥನೆಯ ಒಂದು ಅಕ್ಷರವೂ ಕೇಳಲಿಲ್ಲ. ಗೋಡೆಯಲ್ಲಿ ಎರಡು ಗೂಡು ಖಾಲಿ ಇದ್ದವು, ಒಂದು ಅಕ್ಕ-ಭಾವನದು, ಇನ್ನೊಂದು ನನ್ನದು. ಭಾವನನ್ನು ಒಳಗಿಟ್ಟು, ಕಲ್ಲುಚಪ್ಪಡಿ ಮುಚ್ಚಿ, ಅಕ್ಕ ತಾನೇ ಗಾರೆ ಬಳಿದಳು. ಅದು ಮುಗಿದ ಮೇಲೆ ಪಕ್ಕದ ಚಪ್ಪಡಿ ಎತ್ತಿ ಖಾಲಿ ಗೂಡಿಗೆ ಆನಿಸಿ ಅದಕ್ಕೂ ಗಾರೆ ಬಳಿಯತೊಡಗಿದಳು.

"ಅಕ್ಕಾ, ಅದು ನಂದು."

"ಗೊತ್ತು." ಕರಣೆ ನಿಲ್ಲಲಿಲ್ಲ. "ಇವರನ್ನ ಹೆಂಗೋ ದೋಣೀಲಿ ತಂದೆ. ನಿನ್ನನ್ನ ತರೋ ಶಕ್ತಿ ನನಗಿಲ್ಲ, ಮನಸ್ಸೂ ಇಲ್ಲ. ಎಲ್ಲಿ ಹೋಗ್ಬೇಕೂಂತಿದ್ಯೋ ಅಲ್ಲಿಗೆ ನೀನೇ ದಾರಿ ಬರೆಸ್ಕೊ."

ಪಾದ್ರಿ ನೆಲ ನೋಡಿದರು.

ಹಬ್ಬದ ದಿನ ಚರ್ಚಿನ ಬಾಗಿಲಿಗೆ ಬಂದ ಯಾರನ್ನೂ ಬರಿಹೊಟ್ಟೆಯಲ್ಲಿ ಕಳಿಸುವಂತಿಲ್ಲ. ಮನೆಯವರು ನಿಂತು ಬಡಿಸಿ, ಎಲ್ಲರದೂ ಆದ ಮೇಲೆ ತಿನ್ನುತ್ತಾರೆ. ಅಕ್ಕ ಹಂಡೆಯನ್ನು ಹೊಸ್ತಿಲಿಗೆ ಎಳೆದು, ಒದ್ದೆ ಮೈಯಲ್ಲಿ ಇಣುಕುತ್ತಿದ್ದವರನ್ನೆಲ್ಲ ಕೈಬೀಸಿ ಕರೆದಳು. ಜನ ಸಾಲುಗಟ್ಟಿದರು. ಮ್ಯಾನೇಜರನೂ ಬಂದ. ನಾನು ಬಡಿಸಲು ಸೌಟಿಗೆ ಕೈ ಹಾಕಿದೆ.

ಅಕ್ಕ ಅದನ್ನು ನನ್ನ ಕೈಯಿಂದ ತೆಗೆದುಕೊಂಡು ಒಂದು ಖಾಲಿ ತಟ್ಟೆ ಇಟ್ಟಳು. "ಸಾಲಲ್ಲಿ ನಿಂತ್ಕೊ" ಎಂದಳು.

ನಾನು ಹೋಗಿ ಮ್ಯಾನೇಜರನ ಹಿಂದೆ ನಿಂತೆ.