ಗೋಡೆಯಾಚೆಯ ಕೆಂಚಿ

ನಮ್ಮ ಬೀದಿಯ ಕೊನೆಯಲ್ಲಿ ನಾಲ್ಕು ಹಸು ಕಟ್ಟಿಕೊಂಡು ಬದುಕುತ್ತಿದ್ದ ಮನೆಯೊಂದಿತ್ತು. ಆ ಮನೆಯ ಹಿರಿಸೊಸೆಯನ್ನು ಎಲ್ಲರೂ ಹಾಲಕ್ಕ ಎನ್ನುತ್ತಿದ್ದರು. ಗಂಡ ಒಳ್ಳೆಯವನು, ಯಾರು ಏನೇ ಹೇಳಿದರೂ 'ಹೂಂ' ಎನ್ನುವಷ್ಟು ಒಳ್ಳೆಯವನು. ಅವನ ತಮ್ಮ ಮಾತ್ರ ಉಂಡ ಮನೆಯ ಜಂತೆ ಎಣಿಸುವ ಪೈಕಿ.

ಮಳೆಗಾಲದ ಆರಂಭದಲ್ಲಿ ಅಣ್ಣತಮ್ಮಂದಿರು ಬೇರೆಯಾದರು. ಎರಡೆರಡು ಹಸು ಎಂದು ಮಾತಾಯಿತು. ಹಾಲಕ್ಕ ಬಾಯಿಬಿಟ್ಟು ಕೇಳಿದ್ದು ಕೆಂಚಿಯೊಂದನ್ನೇ. ಹುಟ್ಟಿದ ಮೂರನೆಯ ದಿನಕ್ಕೆ ತಾಯಿಯನ್ನು ಕಳೆದುಕೊಂಡ ಆ ಕರುವಿಗೆ ಹಾಲಿನಲ್ಲಿ ಬೆರಳದ್ದಿ ಚೀಪಿಸಿ ಬದುಕಿಸಿದವಳು ಅವಳು. ಮೈದುನ ನಾಲ್ಕು ಜನರ ಮುಂದೆ ಕಡ್ಡಿ ಮುರಿದಂತೆ ಹೇಳಿದ:

"ದನ ಈ ಮನೇದು ಅತ್ತಿಗೆ. ನೀವು ಹೊರಗಿಂದ ಬಂದೋರು. ಆರಿಸ್ಕೊಳ್ಳೋಕೆ ನೀವ್ಯಾರು? ಏನಣ್ಣಾ, ಸರಿ ತಾನೆ?"

ಅಣ್ಣ 'ಹೂಂ' ಎಂದ.

ಹದಿನಾರು ವರ್ಷ ಸಗಣಿ ಬಾಚಿದವಳು ಎದ್ದು ಹೋದಳು. ಅಂದಿನಿಂದ ಗಂಡ ಏನು ಕೇಳಿದರೂ ಅವಳ ಉತ್ತರ 'ಹೂಂ' ಅಷ್ಟೆ.

ಕೆಂಚಿ ಮೈದುನನ ಪಾಲಾಯಿತು. ಕೊಟ್ಟಿಗೆಯ ನಡುವೆ ಎದೆಯೆತ್ತರದ ಇಟ್ಟಿಗೆ ಗೋಡೆ ಎದ್ದಿತು. ಗೋಡೆ ದನ ತಡೆಯಿತು, ದನಿ ತಡೆಯಲಿಲ್ಲ. ಮೈದುನ ಬಕೆಟ್ ಹಿಡಿದು ಕೂರುವುದನ್ನೇ ಕಾದು ಹಾಲಕ್ಕ ಈಚೆಯಿಂದ ಮೆಲ್ಲಗೆ ಕರೆಯುತ್ತಿದ್ದಳು: "ಕೆಂಚೀ, ಬಾರೇ ನನ್ನವ್ವ." ಕೆಂಚಿ ಕತ್ತು ತಿರುಗಿಸಿ ಗೋಡೆಯತ್ತ ಅಂಬಾ ಎನ್ನುತ್ತಿತ್ತು, ಬಕೆಟ್ ಒದೆಯುತ್ತಿತ್ತು, ಹಾಲನ್ನು ಮೇಲೆಳೆದುಕೊಂಡು ನಿಂತುಬಿಡುತ್ತಿತ್ತು. ಮಳೆಗಾಲವಿಡೀ, ದಿನಕ್ಕೆರಡು ಹೊತ್ತು, ಒಂದು ಹೊತ್ತೂ ತಪ್ಪಿಸದೆ ಅವಳು ಕರೆದಳು.

ಒಂದು ಬೆಳಿಗ್ಗೆ ಮೈದುನ, ವಾಸನೆಗೆ ಹಸು ಮೋಸಹೋಗಲೆಂದು, ಬಟ್ಟೆ ಹಗ್ಗದ ಮೇಲಿದ್ದ ಅತ್ತಿಗೆಯ ಹಳೇ ಶಾಲು ಕದ್ದು ಹೊದ್ದು ಹಾಲು ಕರೆಯಲು ಕೂತ. ಒದೆ ಮಂಡಿಗೇ ಬಿತ್ತು. ಡೇರಿಯ ಸಾಲಿನಲ್ಲಿ ಕುಂಟುತ್ತ ನಿಂತವನನ್ನು ಹಾಲಕ್ಕ ಎಲ್ಲರಿಗೂ ಕೇಳುವಂತೆ ವಿಚಾರಿಸಿದಳು: "ಶಾಲು ಬೆಚ್ಚಗಿತ್ತೇನಪ್ಪಾ?"

ಚಳಿ ಬಂತು. ದಿನವೂ ಕೆಚ್ಚಲಲ್ಲೇ ಉಳಿದ ಹಾಲು ಕೆಲಸ ಮಾಡಿತು. ಒಂದು ಮಧ್ಯಾಹ್ನ ವಾರಗಿತ್ತಿ ಬಾಗಿಲಿಗೆ ಬಂದಳು.

"ಅಕ್ಕಾ, ಕೆಂಚಿ ಕೆಚ್ಚಲು ಕಲ್ಲಾಗಿದೆ. ಒಂದು ಮೊಲೇಲಿ ಹಾಲು ಒಡೆದು ಬರ್ತಿದೆ. ಇವರು ಅರಿಶಿನ ಹಚ್ಚಿ ಸುಮ್ಮನಾಗಿದಾರೆ. ಒಂದು ಸಲ ಬಂದು ನೋಡಿ."

ಕೆಚ್ಚಲು ಬಾವು ಎಂದು ಹಾಲಕ್ಕನಿಗೆ ಕೂಡಲೇ ಗೊತ್ತಾಯಿತು. ತಡಮಾಡಿದರೆ ಏನಾಗುತ್ತದೆಂದೂ ಗೊತ್ತಿತ್ತು. ಆದರೂ ಬಾಯಿಂದ ಬಂದದ್ದು ಬೇರೆ.

"ನಾನು ಹೊರಗಿಂದ ಬಂದೋಳು ಕಣಮ್ಮ. ಮನೆಯವರೇ ನೋಡ್ಲಿ. ಇಲ್ಲಾ, ನಿನ್ನ ಗಂಡ ಡೇರಿ ಸಾಲಲ್ಲಿ ನಿಂತು ನನ್ನ ಕರೀಲಿ."

ಮೂರು ದಿನ ಮೈದುನನನ್ನು ಜಂಬ ತಡೆಯಿತು. ಆ ಮೂರು ದಿನ ಅವಳು ಬಡಿಸಿಕೊಂಡ ಅನ್ನ ಹಸುಗಳ ಬಾನಿಗೇ ಹೋಯಿತು. ಆದರೂ ಗೋಡೆಯತ್ತ ಕಣ್ಣೆತ್ತಲಿಲ್ಲ. ನಾಲ್ಕನೆಯ ಬೆಳಿಗ್ಗೆ ಡೇರಿಯ ಮುಂದೆ ಇಪ್ಪತ್ತು ಜನ ಕ್ಯಾನು ಹಿಡಿದು ನಿಂತಿದ್ದಾಗ ಅವನು ಎದುರು ಬಂದ.

"ಅತ್ತಿಗೆ, ಕೆಂಚಿ ಮೇವು ಬಿಟ್ಟಿದೆ. ಬನ್ನಿ."

"ಯಾರ ಹಸು ಅದು?"

ಅವನು ನೆಲ ನೋಡಿದ. "ನಿಮ್ದೇ."

"ಹಿಂದೆ ನಿಂತೋರಿಗೆ ಕೇಳಿಸ್ಲಿಲ್ಲ."

"ನಿಮ್ದೇ ಅತ್ತಿಗೆ, ಹೊಡ್ಕೊಂಡು ಹೋಗಿ."

ಅವಳು ಕ್ಯಾನನ್ನು ಅಲ್ಲೇ ಬಿಟ್ಟು ಓಡಿದಳು. ಅವಳು ಕರೆಸಿದ ದನದ ಡಾಕ್ಟರು ಎರಡು ಸೂಜಿ ಚುಚ್ಚಿ, ಕೆಚ್ಚಲು ಒತ್ತಿ ನೋಡಿದರು. "ಜೀವಕ್ಕೇನಿಲ್ಲ. ಈ ಮೊಲೆ ಮಾತ್ರ ಸತ್ತಿದೆ. ಮೂರು ದಿನ ಮುಂಚೆ ಕರೆದಿದ್ರೆ ಉಳೀತಿತ್ತು," ಎಂದರು. ಹಾಲಕ್ಕ ಕೆಂಚಿಯ ಹಗ್ಗ ಬಿಚ್ಚಿ ಗೋಡೆ ಸುತ್ತಿಸಿ ತನ್ನ ಕಡೆಗೆ ತಂದು ಕಟ್ಟಿದಳು.

ಬೇಸಿಗೆಯಲ್ಲಿ ಕೆಂಚಿ ಈದಿತು, ಹೆಣ್ಣುಗರು. ಅದು ಹಟ ಹಿಡಿದಂತೆ ಬತ್ತಿದ ಮೊಲೆಗೇ ಬಾಯಿ ಹಾಕುತ್ತದೆ, ಗುದ್ದುತ್ತದೆ. ಹಾಲಕ್ಕ ಪ್ರತಿ ಹೊತ್ತೂ ಅದರ ಮೂತಿ ಹಿಡಿದು ಪಕ್ಕದ ಮೊಲೆಗೆ ಹಚ್ಚುತ್ತಾಳೆ.

"ಪಾಪ, ಕೊರಗ್ತಿದಾನೆ. ಇನ್ನಾದ್ರೂ ತಮ್ಮನ ಹತ್ರ ಮಾತಾಡೇ," ಎಂದು ಗಂಡ ಮೊನ್ನೆ ಕೇಳಿಕೊಂಡನಂತೆ. ಅವಳು ಈ ಸಲ 'ಹೂಂ' ಎನ್ನಲಿಲ್ಲ, ಕರುವಿನ ಮೂತಿ ಬಿಡದೆ ಹೇಳಿದಳಂತೆ:

"ಈ ಮೊಲೆಗೆ ಅಂತ ಅತ್ತಿದೀನಿ ಕಣ್ರೀ. ಅವನಿಗೆ ಅಂತ ಅಳೋಕೆ ನನ್ನ ಹತ್ರ ನೀರಿಲ್ಲ."