ಬೀದಿಗೆ ಹೇಳಿದ ಕಾಮಾಲೆ

ಪಿಯುಸಿ ಮೊದಲ ವರ್ಷದಲ್ಲಿ ನಾನು ಊಟ ಬಿಟ್ಟೆ, ಆಮೇಲೆ ಮಾತು ಬಿಟ್ಟೆ. ಯಾಕೆಂದು ಕೇಳಿದರೆ ಈಗಲೂ ಒಂದು ಕಾರಣ ಹೇಳಲಾರೆ. ಬದುಕುವುದು ಬೇಡವಾಗಿತ್ತು, ಅಷ್ಟೇ. ಒಂದು ಬೆಳಿಗ್ಗೆ ಪ್ರಜ್ಞೆ ತಪ್ಪಿ ಬಿದ್ದವಳನ್ನು ಅಪ್ಪ ಅಮ್ಮ ಆಟೋದಲ್ಲಿ ಹಾಕಿಕೊಂಡು ರಾಜಾಜಿನಗರದ ಒಂದು ಆಸ್ಪತ್ರೆಯ ಕ್ಯಾಶುವಾಲ್ಟಿಗೆ ಓಡಿದರು.

ಅಲ್ಲಿ ಡಾಕ್ಟರು ನನ್ನನ್ನು ಏನು ಕೇಳಿದರೂ ಅಮ್ಮನೇ ಉತ್ತರ ಕೊಡುತ್ತಿದ್ದಳು. "ಸ್ವಲ್ಪ ಸುಮ್ನಿರೀಮ್ಮ" ಎಂದು ಗದರಿ, ಅವರು ಸ್ಟೂಲು ಎಳೆದುಕೊಂಡು ನನ್ನ ಪಕ್ಕ ಕೂತರು. ಗ್ಲೂಕೋಸ್ ಬಾಟಲಿ ಅರ್ಧ ಇಳಿಯುವವರೆಗೂ ಕಾದರು. "ಸಾಯ್ಬೇಕು ಅನ್ಸುತ್ತಾ?" ಎಂದಾಗ ಹೌದೆಂದು ತಲೆಯಾಡಿಸಿದೆ.

"ಕಾಯಿಲೆ ಮನಸ್ಸಿಂದು ಸಾರ್. ಈ ವಾರದಲ್ಲೇ ಮಾನಸಿಕ ವೈದ್ಯರಿಗೆ ತೋರ್ಸಿ, ತಡ ಮಾಡ್ಬೇಡಿ" ಎಂದು ಅಪ್ಪನಿಗೆ ಚೀಟಿ ಬರೆದುಕೊಟ್ಟರು.

ವಿಜಯನಗರದಲ್ಲಿ ಆಟೋ ಇಳಿಯುವಾಗ ಬೀದಿಯವರೆಲ್ಲ ಗೇಟಿನಲ್ಲಿ ನಿಂತಿದ್ದರು. "ಕಾಮಾಲೆ" ಎಂದುಬಿಟ್ಟರು ಅಪ್ಪ. ಹುಡುಗಿಗೆ ಹುಚ್ಚು ಅಂದರೆ ನಾಳೆ ಯಾರು ಮದುವೆಯಾಗುತ್ತಾರೆ? ಚೀಟಿ ಬೀರು ಸೇರಿತು.

ನಮ್ಮ ಬೀದಿಯಲ್ಲಿ ಕಾಮಾಲೆ ಅಂದರೆ ಮುಗಿಯಿತು, ಮನೆಗೊಬ್ಬ ವೈದ್ಯ. ಕಬ್ಬಿನ ಹಾಲು ಬಂತು, ಎಳನೀರು ಬಂತು, ನೆಲನೆಲ್ಲಿ ಅರೆದ ಹಸಿರು ರಸ ಬಂತು. ಸುಳ್ಳು ಉಳಿಯಬೇಕಲ್ಲ, ಅಮ್ಮ ನನಗೆ ಎಣ್ಣೆ, ಖಾರ, ಉಪ್ಪು ಎಲ್ಲ ನಿಲ್ಲಿಸಿದಳು. ಮೊದಲೇ ಊಟ ಸೇರದವಳಿಗೆ ಸಪ್ಪೆ ಗಂಜಿ! ಇಂಥ ಬುದ್ಧಿ ನಮ್ಮವರನ್ನು ಬಿಟ್ಟರೆ ಯಾರಿಗೂ ಬರದು. ವಾರ ಕಳೆದರೂ ಡಾಕ್ಟರ ಮಾತು ಯಾರೂ ಎತ್ತಲಿಲ್ಲ. ನಾನು ಮತ್ತೆ ಗೋಡೆ ಕಡೆ ತಿರುಗಿ ಮಲಗಿದೆ.

ಎಂಟನೇ ದಿನ ಮಧ್ಯಾಹ್ನ ಎದುರುಮನೆ ಆಂಟಿ ರಸದ ಲೋಟ ಹಿಡಿದು ಬಂದರು. ಎರಡು ವರ್ಷದ ಹಿಂದೆ ಅವರ ಒಬ್ಬಳೇ ಮಗಳು ಟೈಫಾಯಿಡ್ ಬಂದು ತೀರಿಕೊಂಡಳೆಂದು ಬೀದಿಗೆಲ್ಲ ಗೊತ್ತಿತ್ತು. ಅವರು ನನ್ನ ರೆಪ್ಪೆ ಎಳೆದು ನೋಡಿದರು. ಹಳದಿಯ ಸುಳಿವೇ ಇರಲಿಲ್ಲ. ಲೋಟ ಕೆಳಗಿಟ್ಟು ಅಮ್ಮನ ಕೈ ಹಿಡಿದರು.

"ಟೈಫಾಯಿಡ್ ಅಂತ ನಾವೇ ಹೇಳಿದ್ದು ಕಣ್ರೀ. ಅವಳೂ ಹಿಂಗೇ, ಊಟ ಬೇಡ, ಮಾತು ಬೇಡ. ಮನಸ್ಸಿನ ಡಾಕ್ಟ್ರಿಗೆ ತೋರ್ಸಿ ಅಂದಿದ್ರು. ಜನ ಏನಂತಾರೋ ಅಂತ ನಾವು ಹೋಗ್ಲಿಲ್ಲ."

ಅಮ್ಮ ಎದ್ದು ಬೀರುವಿನಿಂದ ಚೀಟಿ ತೆಗೆದಳು, ನನಗೆ ತಲೆ ಬಾಚಿದಳು, ಅಪ್ಪ ಆಫೀಸಿನಿಂದ ಬರುವವರೆಗೂ ಕಾಯಲಿಲ್ಲ. ಗೇಟಿನ ಬಳಿ ಯಾರೋ, "ಎಲ್ಲಿಗ್ರೀ, ಈ ಬಿಸಿಲಲ್ಲಿ?" ಎಂದರು.

"ಮಾನಸಿಕ ವೈದ್ಯರ ಹತ್ರ," ಎಂದಳು ಅಮ್ಮ, ಇಡೀ ಬೀದಿಗೆ ಕೇಳುವ ಹಾಗೆ.

ನಾಚಿಕೆಯಿಂದ ನನ್ನ ಮುಖ ಸುಟ್ಟುಹೋಯಿತು. ಆದರೆ ಎಷ್ಟೋ ತಿಂಗಳ ಮೇಲೆ, ನಾನು ಇವಳಿಗೆ ಬೇಕು ಅನಿಸಿತು.