ಎರಡನೇ ಒಲೆ ಯಾರದು?

ನಮ್ಮ ಅತ್ತೆಯ, ಅಂದರೆ ನನ್ನ ಹೆಂಡತಿಯ ತಾಯಿಯ, ಬಲಗೈ ನಡುಬೆರಳಿನ ಗೆಣ್ಣು ಉಳಿದವಕ್ಕಿಂತ ದಪ್ಪಗಿದ್ದು ಹುಣಸೆ ಬೀಜದ ಹಾಗೆ ಕಪ್ಪಗೆ ಹೊಳೆಯುತ್ತಿತ್ತು. ಏನು ಕೊಂಡರೂ ಆ ಗೆಣ್ಣಿನಿಂದ ಕುಟ್ಟಿ ನೋಡಿಯೇ ಕೊಳ್ಳುವುದು ಅವರ ರೂಢಿ. ಕೊಡ, ಹರವಿ, ಕುಂಬಳಕಾಯಿ, ಕೊಬ್ಬರಿ ಬಟ್ಟಲು, ಎಲ್ಲಕ್ಕೂ ಒಂದೊಂದು ಏಟು. ಅವರ ಊರು ತಳಕಲ್. ಸಂತೆಯಲ್ಲಿ ಕುಂಬಾರನು ಅವರನ್ನು ದೂರದಿಂದ ಕಂಡರೇ ಸಾಕು, "ಬಂದ್ರಪ್ಪಾ ತಳಕಲ್ಲಿನ ಪೊಲೀಸ್ ಅಮೀನಸಾಬ್ರು" ಎಂದು ಗೊಣಗುತ್ತಿದ್ದ.

ನಂಬಿಕೆ ಎಂಬುದು ಆ ಹೆಂಗಸಿನ ಮೈಯಲ್ಲೇ ಇರಲಿಲ್ಲ. ಹಾಲಿನವಳ ಮೇಲೆ ಅನುಮಾನ, ಪಂಚಾಂಗ ಹೇಳುವ ಅಯ್ಯನವರ ಮೇಲೆ ಅನುಮಾನ, ಕೊಪ್ಪಳ ಸ್ಟೇಷನ್ನಿನ ಗಡಿಯಾರದ ಮೇಲೂ ಅನುಮಾನ. ಇನ್ನು ನನ್ನ ಮೇಲಂತೂ ಕೇಳಲೇಬೇಡಿ. ಅತ್ತೆಯಾದವಳು ಅಳಿಯನ ಎದುರು ನಿಂತು ಮಾತಾಡುವ ಪದ್ಧತಿ ಆಗ ನಮ್ಮ ಕಡೆ ಇರಲಿಲ್ಲ. ತಲೆಯ ಮೇಲೆ ಸೆರಗೆಳೆದು ಬಾಗಿಲ ಮರೆಗೆ ನಿಂತು ಮಗಳಿಗೆ ಹೇಳುವರು. ಮಾತು ಮಾತ್ರ ನನಗೆ. "ಕೇಳವ್ವಾ ಅವರ್ನ, ಹೊಲಿದು ಉಳದ ಅರಿಬಿ ಎಲ್ಲಿ ಹೋಗತೈತಿ?" ನಾನು ದರ್ಜಿ. ಮೈಯೆಲ್ಲ ಉರಿದುಹೋಗುತ್ತಿತ್ತು.

ಅದು ನಿಜಾಮರ ಆಳ್ವಿಕೆಯ ಕೊನೆಯ ವರ್ಷಗಳ ಮಾತು. ಕೊಪ್ಪಳದಲ್ಲಿ ನಾವಿದ್ದ ಬಾಡಿಗೆ ಮನೆಯನ್ನು ಯುಗಾದಿಯೊಳಗೆ ಬಿಟ್ಟುಕೊಡಬೇಕೆಂದು ಮಾಲೀಕರು ಹೇಳಿಬಿಟ್ಟಿದ್ದರು. ಹೊಲಿಗೆ ಮಿಷನ್ ಹೊತ್ತುಕೊಂಡು ಬೀದಿಗೆ ಬೀಳುವ ಹೊತ್ತು. ಅಷ್ಟರಲ್ಲಿ ಸಂತೆಯ ಹಾದಿಯಲ್ಲೇ ಒಂದು ಮಣ್ಣಿನ ಮಾಳಿಗೆಯ ಮನೆ ಮಾರಾಟಕ್ಕಿದೆ ಎಂದು ಗೊತ್ತಾಯಿತು. ಮುಂದೆ ಕಟ್ಟೆ, ಮಿಷನ್ ಇಡಲು ಪಡಸಾಲೆ, ಹಿತ್ತಿಲಲ್ಲಿ ಬಾವಿ. ದರ್ಜಿಗೆ ಇನ್ನೇನು ಬೇಕು? ನನ್ನ ಕೈಯಲ್ಲಿದ್ದುದು ಸಾಲದೆಂದು ಹೆಂಡತಿ ತವರಿನಿಂದ ತಂದ ಬಂಗಾರವನ್ನೆಲ್ಲ ಬಿಚ್ಚಿಕೊಡಲು ಒಪ್ಪಿದಳು. ಆ ಸುದ್ದಿ ತಳಕಲ್ ಮುಟ್ಟಿದ್ದೇ ತಡ, ಅತ್ತೆ ಯಾರದೋ ಗಾಡಿ ಹತ್ತಿ ಬಂದಿಳಿದರು. ಆ ಬಂಗಾರ ಬಿಟ್ಟರೆ ಮಗಳಿಗೆ ಕೊಡಲು ಅವರ ಹತ್ತಿರ ಬೇರೇನೂ ಇರಲಿಲ್ಲ.

ಮನೆ ಮಾರುವವನು ಕಾಳಿನ ವ್ಯಾಪಾರಿ, ಬಲು ನಯದ ಮನುಷ್ಯ. "ಬರ್ರಿ ಬರ್ರಿ, ನಿಮ್ಮದ ಮನಿ ಅಂತ ತಿಳ್ಕೋರಿ" ಎಂದು ಚಹಾ ಮಾಡಿಸಿದ. ಅತ್ತೆ ಮುಟ್ಟಲಿಲ್ಲ. ಮಾರುವವನ ಚಹಾ ಕುಡಿದರೆ ಆಮೇಲೆ ಬಾಯಿ ಬಿಚ್ಚಿ ಕೇಳಲಾಗುವುದಿಲ್ಲ ಎಂಬುದು ಅವರ ಲೆಕ್ಕ. ಗೋಡೆಗಳನ್ನು ಕುಟ್ಟುತ್ತ ಒಳಗೆಲ್ಲ ಸುತ್ತಿದರು, ಆಮೇಲೆ ಮಗಳ ಕಡೆ ತಿರುಗಿದರು.

"ಕೇಳವ್ವಾ, ಈ ನಡುಗ್ವಾಡಿ ಇವರದೋ ಬಾಜೂದವರದೋ? ಬಚ್ಚಲ ನೀರು ಯಾರ ಜಾಗಾದಾಗ ಹರೀತೈತಿ? ನಾಳೆ ಅವರು ಅಡ್ಡ ಕಲ್ಲ ಇಟ್ರ ಏನ್ ಮಾಡೂದು? ಬಾವಿಗೆ ಮತ್ತ್ಯಾರರ ಹಗ್ಗ ಇಳಸ್ತಾರೇನು?"

ವ್ಯಾಪಾರಿ ಎಲ್ಲದಕ್ಕೂ ನಗುನಗುತ್ತಲೇ ಉತ್ತರ ಕೊಟ್ಟ. ಮನೆಯ ಉರ್ದು ಕಾಗದಗಳನ್ನು ಮೊದಲೇ ವಕೀಲರಿಗೆ ತೋರಿಸಿದ್ದೆ. ತಂದೆಯ ಕಾಲದ ಮನೆ, ಅಣ್ಣ ತೀರಿಹೋಗಿದ್ದಾನೆ, ಮಕ್ಕಳಿಲ್ಲ, ಉಳಿದವನು ಇವನೊಬ್ಬನೇ, "ಎಲ್ಲಾ ಸಾಫ್ ಐತಿ" ಎಂದಿದ್ದರು. ನನ್ನ ಮಟ್ಟಿಗೆ ವ್ಯವಹಾರ ಮುಗಿದಂತೆಯೇ ಇತ್ತು.

ಕೊನೆಗೆ ಹಿಂದಿನ ಕೋಣೆ. ನೆಲವನ್ನು ಹೊಸದಾಗಿ ಸಾರಿಸಿ ಜೋಳದ ಚೀಲ ಒಟ್ಟಿದ್ದರು. "ಇದು ಕಾಳಿನ ಕ್ವಾಣಿರಿ" ಎಂದ ವ್ಯಾಪಾರಿ. ಅತ್ತೆ ನೆಲ ನೋಡಲೇ ಇಲ್ಲ, ಕತ್ತೆತ್ತಿ ಮೇಲೆ ನೋಡಿದರು. ತೊಲೆ, ಜಂತಿಗಳೆಲ್ಲ ಮಸಿ ಹಿಡಿದು ಕರ್ರಗಿದ್ದವು. ಅಡುಗೆಮನೆ ಇದ್ದದ್ದು ಮನೆಯ ಇನ್ನೊಂದು ಮಗ್ಗುಲಿಗೆ.

"ಕೇಳವ್ವಾ, ಜ್ವಾಳದ ಚೀಲದಿಂದ ಹೊಗಿ ಬರತೈತೇನು?"

"ಮಳಿಗಾಲದಾಗ ಜಳಕದ ನೀರು ಇಲ್ಲೇ ಕಾಸ್ತಿದ್ವಿರಿ" ಎಂದ ವ್ಯಾಪಾರಿ. ಆದರೆ ಈ ಸಲ ನಗು ಒಂದು ಗಳಿಗೆ ತಡವಾಗಿ ಬಂತು.

ಮನೆಗೆ ಬರುವ ಹಾದಿಯಲ್ಲಿ ಅತ್ತೆ ಮಗಳಿಗೆ ಹೇಳಿದರು: "ಆ ಮನ್ಯಾಗ ಎರಡು ಒಲಿ ಉರಿದಾವ. ಅಣ್ಣತಮ್ಮರು ಬ್ಯಾರೆ ಆದ್ರ ಮೊದಲ ಒಲಿ ಬ್ಯಾರೆ ಆಗತೈತಿ, ಗ್ವಾಡಿ ಆಮ್ಯಾಲೆ. ಅಣ್ಣ ಸತ್ತಾನಂತ, ಇರಬೌದು. ಎರಡನೇ ಒಲಿ ಹಚ್ಚಾಕಿ ಯಾರು?"

ನನಗೆ ರೇಗಿಹೋಯಿತು. "ನಿಮ್ಮವ್ವಗ ಹೇಳು, ಹಿಂಗ ಮಸಿ ನೋಡಕೋಂತ ಕುಂತ್ರ ಬೇವಿನ ಗಿಡದ ಕೆಳಗ ಸಂಸಾರ ಹೂಡಬೇಕಾಗತೈತಿ" ಎಂದೆ.

ಮರುದಿನ ಅತ್ತೆ ಆ ಬೀದಿಗೆ ಹೋಗಿ ಕಟ್ಟೆಯಿಂದ ಕಟ್ಟೆಗೆ ಕೂತು ಬಂದರು. ಯಾರೂ ತುಟಿ ಬಿಚ್ಚಲಿಲ್ಲ. ಎದುರು ಮನೆಯ ಬಳೆಗಾರ ಸಾಬರ ಹೆಂಡತಿ ಮಾತ್ರ ಬಾಗಿಲ ತನಕ ಬಂದು, "ಅಣ್ಣನ ಹೆಂಡ್ತಿರಿ. ಯಲಬುರ್ಗಾದಾಗ ತವರುಮನಿ. ಅಲ್ಲಿಗೆ ಕಳಿಸ್ಯಾರ. ನಾ ಹೇಳಿದ್ನಿ ಅನಬ್ಯಾಡ್ರಿ ಮತ್ತ" ಎಂದು ಪಿಸುಗುಟ್ಟಿದಳಂತೆ.

ಅತ್ತೆ ಅದೇ ಗಾಡಿಯಲ್ಲಿ ಯಲಬುರ್ಗಾಕ್ಕೆ ಹೋದರು. ವ್ಯಾಪಾರಿಯ ಅತ್ತಿಗೆ, ಆ ವಿಧವೆ, ತವರಿನ ಪಡಸಾಲೆಯಲ್ಲಿ ಕಡಲೆ ಹಸನು ಮಾಡುತ್ತ ಕೂತಿದ್ದಳು. ಮನೆ ಮಾರಾಟಕ್ಕಿದೆ ಎಂಬ ಸುಳಿವೇ ಆಕೆಗಿರಲಿಲ್ಲ. "ಮಾಳಗಿ ಸೋರತೈತಿ, ಮಣ್ಣ ಹಾಕಸ್ತೀನಿ, ನಾಕ ದಿನ ತವರಿಗೆ ಹೋಗಿ ಬಾ ಅಂದಾನ್ರಿ ಮೈದುನ. ಸೋಮಾರ ಹೊಳ್ಳಿ ಹೋಗಾಕಿ" ಎಂದಳಂತೆ. ನಾನು ವ್ಯಾಪಾರಿಗೆ ಸಂಚಕಾರದ ಮುಂಗಡ ಕೊಡುವುದೆಂದು ನಿಕ್ಕಿಯಾಗಿದ್ದದ್ದು ಅದರ ಹಿಂದಿನ ದಿನ, ಭಾನುವಾರ.

ಅತ್ತೆ ಆಕೆಯನ್ನು ಗಾಡಿಯಲ್ಲಿ ಕೂರಿಸಿಕೊಂಡು ನೆಟ್ಟಗೆ ವಕೀಲರ ಮನೆಗೇ ಕರೆತಂದು ನಮ್ಮನ್ನೂ ಕರೆಸಿದರು. ವಿಧವೆಯನ್ನು ಹೊರಗೆ ಕಟ್ಟೆಯ ಮೇಲೆ ಕೂರಿಸಿ ವಕೀಲರು ನನಗೆ ಬಿಡಿಸಿ ಹೇಳಿದರು. "ನೋಡ್ರಿ, ಅಣ್ಣತಮ್ಮರು ಬ್ಯಾರೆ ಆಗಿದ್ರ ಅಣ್ಣನ ಪಾಲು ಆಕಿ ಇರೋತನಕ ಆಕೀದು. ಆಗಿದ್ದಿಲ್ಲ ಅಂದ್ರೂ ಆಕಿಗೆ ಇರಾಕ ಜಾಗಾ, ಉಣ್ಣಾಕ ಅನ್ನ ಕೊಡಲೇಬೇಕು." ಇಷ್ಟು ಹೇಳಿ ದನಿ ತಗ್ಗಿಸಿದರು. "ಆದ್ರ ಆಕಿ ಇರೂದು ನಿಮಗ ಗೊತ್ತ ಇದ್ದಿಲ್ಲ ಅಂತ ಬರಸೂಣು. ಗೊತ್ತಿಲ್ದ ಕೊಂಡವ್ನ ಮ್ಯಾಲೆ ಆಕಿ ದಾವಾ ನಡ್ಯೂದು ಕಷ್ಟ. ಮನಿ ನಿಮ್ಮ ಕೈ ಬಿಡಂಗಿಲ್ಲ."

ಯುಗಾದಿ ಹತ್ತಿರ ಬಂದಿತ್ತು. ನಾನು ಹೆಂಡತಿಯ ಮುಖ ನೋಡಿದೆ, ಅವಳು ನೆಲ ನೋಡಿದಳು. ಆಗ ಬಾಗಿಲ ಮರೆಯಿಂದ ಅತ್ತೆ ಹೊರಬಂದರು. ಸೆರಗು ಜಾರಿದ್ದರ ಪರಿವೆಯೂ ಇಲ್ಲ. ಮದುವೆಯಾದಾಗಿನಿಂದ ಮೊದಲ ಸಲ ನನ್ನೆದುರು ನಿಂತು, ನನ್ನನ್ನೇ ನೋಡಿ ಹೇಳಿದರು:

"ಈಗ ಗೊತ್ತಾತಲ್ರಿ."

ವ್ಯವಹಾರ ಅಲ್ಲಿಗೇ ಮುರಿಯಿತು. ಅತ್ತೆ ವಿಧವೆಯನ್ನು ಆಕೆಯ ಮನೆ ಬಾಗಿಲಿಗೆ ಕರೆದೊಯ್ದು, ಬೀದಿಯವರೆಲ್ಲ ನೋಡುತ್ತಿರುವಾಗಲೇ ಗಟ್ಟಿಯಾಗಿ, "ನಡಿಯವ್ವಾ ಒಳಗ. ಮೊದಲ ಒಲಿ ಹೂಡು" ಎಂದರು. ಬಳೆಗಾರ ಸಾಬರ ಹೆಂಡತಿ ಯಾರಿಗೂ ಅಂಜದೆ ಕೆಂಡ ತಂದುಕೊಟ್ಟಳು. ವ್ಯಾಪಾರಿಗೆ ಜೋಳದ ಚೀಲ ಎತ್ತಿಸದೆ ಗತ್ಯಂತರವಿರಲಿಲ್ಲ.

ನಾವು ಆ ಯುಗಾದಿಯನ್ನು ಗೆಳೆಯನೊಬ್ಬನ ದನದ ಕೊಟ್ಟಿಗೆಯಲ್ಲಿ ಮಾಡಿದೆವು. ಹಬ್ಬದ ಹೋಳಿಗೆಗೂ ಸಗಣಿ ವಾಸನೆ. ಅತ್ತೆಯ ಮೇಲೆ ನನಗೆ ಎಷ್ಟು ಸಿಟ್ಟೆಂದರೆ, ತಳಕಲ್ಲಿನಿಂದ ಯಾರಾದರೂ ಬಂದರೆ ಕ್ಷೇಮ ಕೂಡ ಕೇಳುತ್ತಿರಲಿಲ್ಲ.

ಎರಡು ವರ್ಷದ ಮೇಲೆ ಅದೇ ಬಂಗಾರದಿಂದ ಊರ ಹೊರಗೆ ಸಣ್ಣದೊಂದು ಮನೆ ಕೊಂಡೆವು. ಆ ಸಲವೂ ಅತ್ತೆ ಬಂದರು, ಸುತ್ತಿ ನೋಡಿದರು, ಎಲ್ಲ ಒಪ್ಪಿಗೆಯಾದ ಮೇಲೆ ಮತ್ತೊಂದು ತೆಗೆದರು. "ಕೇಳವ್ವಾ, ಖರೀದಿ ಯಾರ ಹೆಸರಿಲೆ? ಬಂಗಾರ ನಿಂದು. ಹೆಸರೂ ನಿಂದ ಇರ್ಲಿ." ಹೆಂಡತಿಯ ಹೆಸರಿಗೇ ಆಯಿತು. ಈ ಮುದುಕಿ ನನ್ನನ್ನೂ ಆ ವ್ಯಾಪಾರಿಯ ಸಾಲಿಗೇ ಸೇರಿಸಿದಳಲ್ಲ ಎಂದು ನನಗೆ ಬಹಳ ನೋವಾಯಿತು.

ಮಾವನವರು ಸತ್ತು ಎಷ್ಟೋ ವರ್ಷವಾಗಿತ್ತು. ಅತ್ತೆ ತಳಕಲ್ಲಿನಲ್ಲಿ ಮೈದುನರ ಜೊತೆಗಿದ್ದರು. ಹೇಗಿದ್ದೀರಿ ಎಂದರೆ "ಛಲೋ ಅದೀನಿ" ಎನ್ನುವರು, ನಾವೂ ಅಷ್ಟಕ್ಕೇ ಸುಮ್ಮನಾಗುತ್ತಿದ್ದೆವು. ಒಂದು ದಿನ ಜ್ವರ ಹೊತ್ತುಕೊಂಡು, ಒಂದೇ ಗಂಟಿನೊಡನೆ ನಮ್ಮಲ್ಲಿಗೆ ಬಂದರು. ಮಾಳಿಗೆ ಸೋರುತ್ತದೆ, ಮಣ್ಣು ಹಾಕಿಸಬೇಕು, ನಾಲ್ಕು ದಿನ ಮಗಳ ಮನೆಗೆ ಹೋಗಿ ಬಾ ಎಂದು ಮೈದುನರು ಕಳಿಸಿದ್ದರು. ಹಾಗೆಂದರೆ ಏನೆಂದು ಅವರಿಗೆ ಬಿಡಿಸಿ ಹೇಳುವ ಅಗತ್ಯವಿರಲಿಲ್ಲ.

ಜ್ವರ ಇಳಿಯಲಿಲ್ಲ. ಒಂದು ಸಂಜೆ ಮಗಳನ್ನು ಹತ್ತಿರ ಕರೆದರು.

"ಈ ಮನಿ ನಿನ್ನ ಹೆಸರಿಲೆ ಐತಲ್ಲ?"

"ಐತವ್ವಾ."

"ಹಂಗಾದ್ರ ನನ್ನ ಇಲ್ಲಿಂದ ಯಾರೂ ಎಬ್ಬಸಂಗಿಲ್ಲ."

ನನಗೆ ತಡೆಯಲಾಗಲಿಲ್ಲ. ಹೊಸ್ತಿಲಲ್ಲೇ ನಿಂತು, "ಯಾರೂ ಎಬ್ಬಸಂಗಿಲ್ರಿ ಅತ್ತಿ, ನಾ ಅದೀನಿ" ಎಂದೆ. ಅವರು ನನ್ನನ್ನು ಒಂದು ಗಳಿಗೆ ನೋಡಿದರು. ಆಮೇಲೆ ಮಗಳ ಕಡೆ ಹೊರಳಿ, "ಹೌದೇನವ್ವಾ?" ಎಂದು ಕೇಳಿದರು. ಅವಳು ಹೌದೆಂದ ಮೇಲೆಯೇ ಕೌದಿ ಎಳೆದುಕೊಂಡು ಕಾಲು ಚಾಚಿ ಮಲಗಿದರು.